ಹೃದಯಕ್ಕೆ ಸಾಕಾದ ವ್ಯಾಯಾಮ ಸೊಂಟದ ಮೂಳೆಗೆ ಸಾಕೇ?

ಪ್ರಶ್ನೆ: ನನಗೆ 54 ವರ್ಷ. 22ನೆಯ ವಯಸ್ಸಿನಲ್ಲಿ ಸಿಗರೇಟು ಅಂಟಿಕೊಂಡಿತು. ಈಗ ದಿನಕ್ಕೆ ಹತ್ತು ಹನ್ನೆರಡು ಸೇದುತ್ತೇನೆ. ಆದರೆ ವ್ಯಾಯಾಮ ತಪ್ಪಿಸಿದವನಲ್ಲ. ವಾರಕ್ಕೆ ಐದು ದಿನ ಮನೆಯಲ್ಲೇ ವ್ಯಾಯಾಮದ ಸೈಕಲ್ ಮೇಲೆ 45 ನಿಮಿಷ, ಒಂದು ದಿನ ಈಜು. ರಕ್ತದೊತ್ತಡ, ಸಕ್ಕರೆ ಎರಡೂ ಹತೋಟಿಯಲ್ಲಿವೆ. ಚೆನ್ನಾಗಿ ಬೆವರು ಹರಿಸಿದರೆ ಸಿಗರೇಟಿನ ಹಾನಿ ಸರಿದೂಗುತ್ತದೆ ಎಂದೇ ನಂಬಿದ್ದೆ. ಮೂರು ವಾರದ ಹಿಂದೆ ಒದ್ದೆ ನೆಲದಲ್ಲಿ ಜಾರಿ ಕೈ ಊರಿದೆ. ಅಷ್ಟಕ್ಕೇ ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 1.4, ಸೊಂಟದ್ದು ಮೈನಸ್ 1.9 ಬಂದಿದೆ. ‘ಮೂಳೆ ಸವೆತ ಶುರುವಾಗಿದೆ’ ಎಂದರು. ವ್ಯಾಯಾಮ ಮಾಡುವವನಿಗೂ ಹೀಗೇಕಾಯಿತು? ಇನ್ನೂ ಜೋರಾಗಿ, ಓಟದಂಥದ್ದೇನಾದರೂ ಮಾಡಿದರೆ ಸರಿಹೋಗುತ್ತದೆಯೇ? ಅಥವಾ ಮತ್ತೆ ಮುರಿದೀತೆಂದು ಇರುವ ವ್ಯಾಯಾಮವನ್ನೂ ಬಿಡಬೇಕೇ? 32 ವರ್ಷ ಸೇದಿದ ಮೇಲೆ ಈಗ ಬಿಟ್ಟರೆ ಮೂಳೆಗೆ ಏನಾದರೂ ಪ್ರಯೋಜನವಿದೆಯೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಅವುಗಳ ಹಿಂದೆ ಕೇಳದೆ ಉಳಿದ ಐದನೆಯದೊಂದು ಇದೆ ಎಂದು ಪತ್ರ ಓದುವಾಗ ನನಗೆ ಅನ್ನಿಸಿತು: ಇಷ್ಟು ವರ್ಷ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಇಲ್ಲ, ಆಗಿಲ್ಲ. ನಿಮ್ಮ ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರುವುದಕ್ಕೆ ಆ ಸೈಕಲ್ಲಿನ ಪಾಲು ಖಂಡಿತ ಇದೆ. ಆದರೆ ಹೃದಯ ಕೇಳುವ ವ್ಯಾಯಾಮ ಬೇರೆ, ಮೂಳೆ ಕೇಳುವ ವ್ಯಾಯಾಮ ಬೇರೆ. ನೀವು ಆರಿಸಿಕೊಂಡ ಸೈಕಲ್ಲು ಮತ್ತು ಈಜು ಎರಡೂ ಮೂಳೆಯ ಮೇಲೆ ಹೆಚ್ಚೇನೂ ಭಾರ ಹೊರಿಸುವುದಿಲ್ಲ. ಸಿಗರೇಟು ಮಾತ್ರ ದಿನವೂ ತಪ್ಪದೆ ಮೂಳೆಯನ್ನು ತಲುಪುತ್ತಿತ್ತು.

ಮೊದಲು ನಿಮ್ಮ ವರದಿಯ ಬಗ್ಗೆ ಹೇಳಿಬಿಡುತ್ತೇನೆ. ‘ಮೂಳೆ ಸವೆತ’ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಬೇರೆ ತೊಂದರೆಗಳಿಗೆ ಬಳಸುತ್ತೇವೆ. ಮೊಣಕಾಲಿನ ಕೀಲಿನಲ್ಲಿ ಮೃದ್ವಸ್ಥಿ ತೆಳುವಾಗುವುದು ಒಂದು. ಮೂಳೆಯ ಒಳಗಿನ ಸಾಂದ್ರತೆ ಇಳಿದು ಅದು ಟೊಳ್ಳಾಗುತ್ತ ಹೋಗುವುದು ಇನ್ನೊಂದು. ನಿಮ್ಮದು ಎರಡನೆಯದು. ಟಿ-ಸ್ಕೋರ್ ಎಂದರೆ ಆರೋಗ್ಯವಂತ ಯುವ ವಯಸ್ಕರ ಸಾಂದ್ರತೆಯೊಂದಿಗೆ ನಿಮ್ಮದನ್ನು ಹೋಲಿಸಿದ ಅಂಕೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಮೈನಸ್ 1ರವರೆಗೆ ಸಹಜ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಅಂದರೆ ಆಸ್ಟಿಯೋಪೀನಿಯ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿಳಿದರೆ ಆಸ್ಟಿಯೊಪೊರೋಸಿಸ್. ನೀವು ನಡುವಿನ ಪಟ್ಟಿಯಲ್ಲಿದ್ದೀರಿ. ಆದರೂ ನನ್ನ ಗಮನ ಸೆಳೆದದ್ದು ಅಂಕೆಗಿಂತ ಹೆಚ್ಚಾಗಿ ಆ ಮಣಿಕಟ್ಟು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮುರಿಯುವ ಮೂಳೆ ಒಳಗಿನ ದುರ್ಬಲತೆಯ ಸುಳಿವನ್ನು ಸ್ಕ್ಯಾನಿಗಿಂತ ಮೊದಲೇ ಕೊಡುತ್ತದೆ. ಗಂಡಸರು ಇದನ್ನು ‘ಜಾರಿ ಬಿದ್ದೆ, ಮುರಿಯಿತು’ ಎಂದು ಮರೆತುಬಿಡುವುದೇ ಹೆಚ್ಚು. ನಿಮ್ಮ ವೈದ್ಯರು ಹಾಗೆ ಬಿಡದೆ ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದಾಯಿತು.

ಈಗ ‘ನನಗೇಕೆ’ ಎಂಬ ಪ್ರಶ್ನೆ. ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಅದರಲ್ಲಿ ಒಂದು ಬಗೆಯ ಜೀವಕೋಶಗಳು ಹಳೆಯ ಭಾಗವನ್ನು ಕೊರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಹಳ್ಳದಲ್ಲಿ ಹೊಸದನ್ನು ತುಂಬುತ್ತವೆ. ಕೊರೆಯುವುದು ಕೆಲವೇ ವಾರಗಳ ಕೆಲಸ. ತುಂಬಲು ತಿಂಗಳುಗಳೇ ಬೇಕು. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಎಲ್ಲಿ ಎಷ್ಟು ತುಂಬಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಜಾಗದ ಮೇಲೆ ಬೀಳುವ ಭಾರ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ನಿಯಮವಾಗಿ ಹೇಳಿದ್ದ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದ್ದಕ್ಕಿಂತ ದಪ್ಪ. ಮೈಭಾರವೇ ತಿಳಿಯದ ಕಕ್ಷೆಯಲ್ಲಿರುವ ಗಗನಯಾತ್ರಿಗಳು ಸೊಂಟದ ಮೂಳೆಯ ಸಾಂದ್ರತೆಯನ್ನು ತಿಂಗಳಿಗೆ ಶೇ. 1ರಿಂದ 1.5ರಷ್ಟು ಕಳೆದುಕೊಳ್ಳುತ್ತಾರೆ.

ಸೈಕಲ್ ಮೇಲೆ ಕೂತಾಗ ನಿಮ್ಮ ಭಾರವನ್ನು ಆಸನ ಹೊರುತ್ತದೆ. ಈಜುವಾಗ ನೀರು ಹೊರುತ್ತದೆ. ಎದೆ ಬಡಿತ ಏರುತ್ತದೆ, ಬೆವರಿಳಿಯುತ್ತದೆ, ಆದರೆ ಸೊಂಟದ ಮತ್ತು ಬೆನ್ನಿನ ಮೂಳೆಗೆ ಏನೂ ನಡೆದದ್ದೇ ತಿಳಿಯುವುದಿಲ್ಲ. ಸ್ಪರ್ಧೆಗಿಳಿಯುವ ವೃತ್ತಿಪರ ಸೈಕಲ್ ಪಟುಗಳಲ್ಲೇ ಬೆನ್ನುಮೂಳೆಯ ಸಾಂದ್ರತೆ ಓಟಗಾರರಿಗಿಂತ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅವರು ನಿಮಗಿಂತ ಹಲವು ಪಟ್ಟು ಹೊತ್ತು ಪೆಡಲ್ ತುಳಿಯುವವರು. ಆದ್ದರಿಂದ ‘ಇನ್ನೂ ಜೋರಾಗಿ ಮಾಡಿದರೆ’ ಎಂಬ ನಿಮ್ಮ ಪ್ರಶ್ನೆಗೆ, ಅದೇ ಸೈಕಲ್ಲನ್ನು ಎಷ್ಟು ಜೋರಾಗಿ ತುಳಿದರೂ ಪ್ರಯೋಜನವಿಲ್ಲ ಎನ್ನುವುದೇ ಉತ್ತರ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗವನ್ನು ಹೇಳಲೇಬೇಕು. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ಇಬ್ಬರು ಸಂಶೋಧಕರು ಹಕ್ಕಿಗಳ ರೆಕ್ಕೆಯ ಮೂಳೆಯೊಂದನ್ನು ಸಹಜ ಬಳಕೆಯಿಂದ ಬೇರ್ಪಡಿಸಿ, ಅದರ ಮೇಲೆ ಲೆಕ್ಕ ಹಾಕಿ ಭಾರ ಹೇರಿದರು. ದಿನಕ್ಕೆ ನಾಲ್ಕೇ ಸಲ ಹೇರಿದಾಗ ಮೂಳೆ ಕರಗುವುದು ನಿಂತಿತು. 36 ಸಲ ಹೇರಿದಾಗ ಹೊಸ ಮೂಳೆ ಬೆಳೆಯಿತು. 1800 ಸಲ ಹೇರಿದಾಗ? 36ಕ್ಕೆ ಬೆಳೆದದ್ದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ಮೂಳೆ ಸುದೀರ್ಘ ಶ್ರಮಕ್ಕೆ ಸ್ಪಂದಿಸುವುದಿಲ್ಲ. ಅದು ಥಟ್ಟನೆ ಬೀಳುವ ಭಾರಕ್ಕೆ, ರೂಢಿಯಿಲ್ಲದ ದಿಕ್ಕಿನ ಭಾರಕ್ಕೆ ಸ್ಪಂದಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ‘ಸಾಕು’ ಎನ್ನುತ್ತದೆ, ಕೆಲವು ಗಂಟೆ ಬಿಟ್ಟು ಮತ್ತೆ ಕಿವಿಗೊಡುತ್ತದೆ. ಹೃದಯದ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ಅದಕ್ಕೆ ಒಂದೇ ಸಮನೆ ಬಹಳ ಹೊತ್ತು ನಡೆಯುವ ಕೆಲಸ ಬೇಕು. ನಿಮ್ಮ 45 ನಿಮಿಷ ಹೃದಯದ ಲೆಕ್ಕದಲ್ಲಿ ಸರಿಯಾಗಿದ್ದೂ ಮೂಳೆಯ ಲೆಕ್ಕಕ್ಕೆ ಬಾರದೆ ಹೋದದ್ದು ಹೀಗೆ.

ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ಶ್ವಾಸಕೋಶಕ್ಕೆ, ಹೃದಯಕ್ಕೆ ಅದು ಮಾಡುವುದು ಎಲ್ಲರಿಗೂ ಗೊತ್ತು. ಮೂಳೆಯ ಮಾತು ಹೊರಗೆ ಬರುವುದೇ ಅಪರೂಪ, ಏಕೆಂದರೆ ಮೂಳೆ ನೋಯುವುದಿಲ್ಲ, ಕೆಮ್ಮುವುದಿಲ್ಲ. ಹೊಗೆಯಲ್ಲಿರುವ ನಿಕೋಟಿನ್ ಮತ್ತಿತರ ವಸ್ತುಗಳು ಹೊಸ ಮೂಳೆ ತುಂಬುವ ಜೀವಕೋಶಗಳನ್ನು ಕುಗ್ಗಿಸುತ್ತವೆ, ಕೊರೆಯುವವುಗಳಿಗೆ ಬಲ ಕೊಡುತ್ತವೆ. ಹೊಗೆಯ ಇನ್ನೊಂದು ಅಂಶವಾದ ಕ್ಯಾಡ್ಮಿಯಂ ಎಂಬ ಲೋಹ ಮೂಳೆಗೆ ನೇರವಾಗಿಯೇ ವಿಷ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಮೂಳೆಗೆ ಹೋಗುವ ರಕ್ತದಲ್ಲಿ ಆಮ್ಲಜನಕವೇ ಕಡಿಮೆ. ಕರುಳಿನಲ್ಲಿ ಕ್ಯಾಲ್ಸಿಯಂ ಹೀರುವಿಕೆ ತಗ್ಗುತ್ತದೆ, ವಿಟಮಿನ್ ಡಿ ಮಟ್ಟವೂ ಸೇದುವವರಲ್ಲಿ ಸಾಮಾನ್ಯವಾಗಿ ಕಡಿಮೆ. ಹೆಂಗಸರಲ್ಲಾದರೆ ಈಸ್ಟ್ರೊಜೆನ್ ಬೇಗ ಕರಗಿ ಮುಟ್ಟು ನಿಲ್ಲುವುದೂ ಮುಂಚೆ ಆಗುತ್ತದೆ. ಸ್ವೀಡನ್ನಿನಲ್ಲಿ 18ರಿಂದ 20 ವರ್ಷದ ಯುವಕರನ್ನು ಪರೀಕ್ಷಿಸಿದಾಗ, ಸೇದುವವರ ಮೂಳೆಯ ಗಟ್ಟಿ ಹೊರಪದರ ಆ ವಯಸ್ಸಿಗೇ ತೆಳುವಾಗಿತ್ತು. ಬರೀ ಕೆಲವೇ ವರ್ಷ ಸೇದಿದ ಹುಡುಗರು ಅವರು.

ದೊಡ್ಡ ಚಿತ್ರಕ್ಕೆ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯನ್ನು ನಾನು ರೋಗಿಗಳಿಗೆ ಹೇಳುತ್ತಿರುತ್ತೇನೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೇದುವ ಹೆಂಗಸರಲ್ಲಿ ಸೊಂಟದ ಮುರಿತದ ಅಪಾಯ ಸೇದದವರಿಗಿಂತ 60ನೆಯ ವಯಸ್ಸಿಗೆ ಶೇ. 17, 70ಕ್ಕೆ ಶೇ. 41, 80ಕ್ಕೆ ಶೇ. 71ರಷ್ಟು ಹೆಚ್ಚಿತ್ತು. ಗಂಡಸರ ಬಗ್ಗೆ ಸಿಕ್ಕ ಮಾಹಿತಿ ಕಡಿಮೆಯಾದರೂ ಅದೂ ಇದೇ ಕಡೆಗೆ ಬೊಟ್ಟು ಮಾಡಿತು. 54ರಲ್ಲಿ ಈ ವ್ಯತ್ಯಾಸ ಚಿಕ್ಕದು. ಅದು ಹಿಗ್ಗುವುದು ಮುಂದಿನ ಮೂವತ್ತು ವರ್ಷಗಳಲ್ಲಿ. ನಿಮ್ಮ ಕೈಯಲ್ಲಿ ಉಳಿದಿರುವುದೂ ಆ ವರ್ಷಗಳೇ.

ಶಸ್ತ್ರಚಿಕಿತ್ಸೆ ಮಾಡುವವನಾಗಿ ನಾನು ಇದನ್ನು ಅಂಕಿ ಅಂಶಗಳಿಗಿಂತ ಮೊದಲು ಎಕ್ಸ್-ರೇಯಲ್ಲಿ ಕಂಡವನು. ಮುರಿದ ಮೂಳೆಯ ಎರಡು ತುದಿಗಳ ನಡುವೆ ಮೊದಲು ಕಾಣುವುದು ಮಂಜಿನಂಥ ತೆಳು ಬಿಳಿ ನೆರಳು. ವಾರಗಳು ಕಳೆದಂತೆ ಆ ನೆರಳು ದಟ್ಟವಾಗಿ, ಅಂಚುಗಳು ಕೂಡಿ, ಮುರಿದ ಗೆರೆ ಅಳಿಸಿಹೋಗುತ್ತದೆ. ಸೇದುವವರ ಎಕ್ಸ್-ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡುವಾಗ ಎಷ್ಟೋ ಸಲ ಆ ನೆರಳು ಇನ್ನೂ ಮಂಜಾಗಿಯೇ ಇರುತ್ತದೆ, ಕರಿಯ ಗೆರೆ ಹಾಗೆಯೇ ಉಳಿದಿರುತ್ತದೆ. ರೋಗಿ ನನ್ನ ಮುಖ ನೋಡುತ್ತಿರುತ್ತಾರೆ. ‘ಇನ್ನೊಂದು ತಿಂಗಳು’ ಎನ್ನಬೇಕಾಗುತ್ತದೆ. ಸೇದುವವರಲ್ಲಿ ಮೂಳೆ ಕೂಡಲು ತಡವಾಗುವುದು, ಕೆಲವೊಮ್ಮೆ ಕೂಡದೆಯೇ ಹೋಗುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಗೆ ಮುಂಚೆ ಸಿಗರೇಟು ಬಿಡಿ ಎಂದು ಪಟ್ಟು ಹಿಡಿಯುವುದು ಇದಕ್ಕೇ. ನಿಮ್ಮ ಮಣಿಕಟ್ಟು ಮುರಿದು ಮೂರೇ ವಾರ. ಅದು ಈ ಹೊತ್ತು ಕೂಡಿಕೊಳ್ಳುತ್ತಿದೆ. ಮೂಳೆಗಾಗಿ ಸಿಗರೇಟು ಬಿಡುವುದಕ್ಕೆ ಇದಕ್ಕಿಂತ ತಕ್ಕ ಸಮಯ ನನಗೆ ತೋರುವುದಿಲ್ಲ.

ಹಾಗಾದರೆ ವ್ಯಾಯಾಮ ಸಿಗರೇಟಿನ ಹಾನಿಯನ್ನು ಸರಿದೂಗಿಸುವುದೇ ಇಲ್ಲವೇ? ಇಲ್ಲಿ ಅರ್ಧ ನಿಜವಿದೆ. ಸೇದುವವರು ಸರಾಸರಿಯಾಗಿ ತೆಳ್ಳಗಿರುತ್ತಾರೆ, ಕಡಿಮೆ ಓಡಾಡುತ್ತಾರೆ, ಮದ್ಯಪಾನವೂ ಅವರಲ್ಲಿ ಹೆಚ್ಚು. ಅವರ ಮೂಳೆಯ ನಷ್ಟದಲ್ಲಿ ಒಂದು ಪಾಲು ಇವುಗಳಿಂದ ಬಂದದ್ದು, ಮತ್ತು ಚಟುವಟಿಕೆಯಿಂದ ಇರುವವರು ಆ ಪಾಲನ್ನು ತಪ್ಪಿಸಿಕೊಳ್ಳಬಲ್ಲರು. ಆದರೆ ಇವನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ಹೊಗೆಯ ನೇರ ಹಾನಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೇದುವವರಲ್ಲಿ ಹೆಚ್ಚಿರುವ ಮುರಿತದ ಅಪಾಯವನ್ನು ಸಾಂದ್ರತೆ ಭಾಗಶಃ ಮಾತ್ರ ವಿವರಿಸುತ್ತದೆ. ಅಂದರೆ ನಾಳೆ ವ್ಯಾಯಾಮದಿಂದ ನಿಮ್ಮ ಟಿ-ಸ್ಕೋರ್ ಸ್ವಲ್ಪ ಏರಿದರೂ ಸೇದುತ್ತಿರುವವರೆಗೆ ಅಪಾಯ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮುರಿತದ ಅಪಾಯ ಲೆಕ್ಕ ಹಾಕಲು ನಾವು ಬಳಸುವ ಫ್ರಾಕ್ಸ್ ಎಂಬ ಸೂತ್ರದಲ್ಲಿ ಸಾಂದ್ರತೆಗೆ ಒಂದು ಅಂಕಣ, ಧೂಮಪಾನಕ್ಕೆ ಇನ್ನೊಂದು ಅಂಕಣ ಇರುವುದು ಸುಮ್ಮನೆ ಅಲ್ಲ. ಇನ್ನು ಬೆವರಿನೊಂದಿಗೆ ನಿಕೋಟಿನ್ ಹೊರಹೋಗುತ್ತದೆ ಎಂಬ ಮಾತು. ನಿಕೋಟಿನ್ನನ್ನು ಕರಗಿಸುವುದು ಬಹುಪಾಲು ಯಕೃತ್ತು. ಬೆವರಿನ ಪಾಲು ಗಣನೆಗೆ ಬಾರದಷ್ಟು.

ಆದರೂ ದಯವಿಟ್ಟು ವ್ಯಾಯಾಮ ಬಿಡಬೇಡಿ. ಮೂಳೆ ಮುರಿದೀತೆಂದು ಹೆದರಿ ಕೂತವರ ಮೂಳೆ ಇನ್ನೂ ಬೇಗ ಟೊಳ್ಳಾಗುತ್ತದೆ, ಸ್ನಾಯು ಕರಗಿ ನಡಿಗೆ ತೂಗಾಡಲು ತೊಡಗುತ್ತದೆ. ಸೊಂಟ ಮುರಿಯುವುದು ಹೆಚ್ಚಾಗಿ ಬಿದ್ದಾಗಲೇ. ಕಾಲಿನ ಸ್ನಾಯು ಗಟ್ಟಿಯಿದ್ದು ಮುಗ್ಗರಿಸಿದಾಗ ಸಾವರಿಸಿಕೊಳ್ಳಬಲ್ಲವರಿಗೆ ಆ ಪ್ರಸಂಗವೇ ಕಡಿಮೆ. ಸೈಕಲ್ಲು ನಿಮ್ಮ ತೊಡೆಗಳಿಗೆ ಬಲ ಕೊಟ್ಟಿದೆ, ಅದು ಇರಲಿ. ಇನ್ನೊಂದು ಉಪಯೋಗವೂ ಇದೆ. ಹತ್ತು ನಿಮಿಷದ ಬಿರುನಡಿಗೆ ಕೂಡ ಸಿಗರೇಟಿನ ಹಂಬಲವನ್ನು ಆ ಹೊತ್ತಿಗೆ ತಗ್ಗಿಸುತ್ತದೆ. ಅದರ ಪ್ರಭಾವ ನಡೆದು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ವ್ಯಾಯಾಮ ಒಂದರಿಂದಲೇ ಚಟ ಬಿಟ್ಟುಹೋಗುತ್ತದೆ ಎಂದು ನಾನು ಹೇಳಲಾರೆ. ಆದರೆ ಹಂಬಲ ಎದ್ದ ಆ ಹತ್ತು ನಿಮಿಷವನ್ನು ದಾಟಿಸಲು ಅದು ಸಾಕು. ಸೇದುವವರ ಮೂಳೆಗೆ ಸೈಕಲ್, ಬಿರುನಡಿಗೆಯಂಥ ಏರೋಬಿಕ್ ವ್ಯಾಯಾಮ ಮಾಡುವ ಅತಿ ದೊಡ್ಡ ಉಪಕಾರ ಇದೇ ಇರಬಹುದು ಎಂಬುದು ನನ್ನ ಅನಿಸಿಕೆ.

ಬದಲಾಯಿಸಬೇಕಾದದ್ದು ವ್ಯಾಯಾಮದ ಬಗೆ. ಐದು ದಿನದ ಸೈಕಲ್ಲನ್ನು ಎರಡಕ್ಕೆ ಇಳಿಸಿ, ಉಳಿದ ದಿನ ಕಾಲ ಮೇಲೆ ನಿಂತು ಮಾಡುವ ವ್ಯಾಯಾಮಕ್ಕೆ ಬನ್ನಿ. ಬಿರುನಡಿಗೆ ಸುರಕ್ಷಿತ, ಆದರೆ ಅದರಿಂದ ಬಹಳ ನಿರೀಕ್ಷಿಸಬೇಡಿ. ನಡೆಯುವಾಗ ಬೀಳುವ ಭಾರ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಸೊಂಟದ ಸಾಂದ್ರತೆ ಇಳಿಯುವುದನ್ನು ಅದು ಒಂದಿಷ್ಟು ತಡೆದೀತು, ಬೆನ್ನುಮೂಳೆಗೆ ಅಷ್ಟೂ ಇಲ್ಲ. ಮೆಟ್ಟಿಲು ಹತ್ತಿಳಿಯುವುದು, ನಡಿಗೆಯ ನಡುವೆ ಆಗಾಗ ವೇಗ ಹೆಚ್ಚಿಸುವುದು, ಅಡ್ಡಡ್ಡ ಹೆಜ್ಜೆ ಹಾಕುವುದು ಮೂಳೆಗೆ ಹೊಸತನ ಕೊಡುತ್ತವೆ.

ಕೈಗೆ ಪ್ಲಾಸ್ಟರ್ ಇದ್ದಾಗಲೂ ಮಾಡಬಹುದಾದ ಒಂದನ್ನು ಹೇಳುತ್ತೇನೆ. ಭಾರವಾದ ಕುರ್ಚಿಯ ಬೆನ್ನನ್ನು ಎಡಗೈಯಿಂದ ಹಿಡಿದು ಬರಿಗಾಲಲ್ಲಿ ನೇರವಾಗಿ ನಿಲ್ಲಿ. ಕಾಲ್ಬೆರಳುಗಳ ಮೇಲೆ ಎದ್ದು ಒಂದು ಕ್ಷಣ ತಡೆಯಿರಿ. ಆಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಇಳಿಸದೆ, ಸ್ವಂತ ತೂಕಕ್ಕೆ ನೆಲಕ್ಕೆ ಬೀಳಲು ಬಿಡಿ. ‘ಧಡ್’ ಎಂಬ ಆ ಪೆಟ್ಟು ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟದ ಕೀಲಿಗೆ ಏರಿ ಬರುವುದು ನಿಮಗೇ ತಿಳಿಯುತ್ತದೆ. ಸೊಂಟಕ್ಕೆ ತಲುಪದೆ ಮೊಣಕಾಲಲ್ಲೇ ನಿಂತರೆ ಮಂಡಿ ಮಡಚಿದ್ದೀರಿ ಎಂದು ಅರ್ಥ. ಬೆಳಗ್ಗೆ ಹತ್ತಿಪ್ಪತ್ತು, ಸಂಜೆ ಮತ್ತೆ ಅಷ್ಟೇ. ನಡುವೆ ಬಿಟ್ಟ ಗಂಟೆಗಳು ಮೂಳೆ ಮತ್ತೆ ಸ್ಪಂದಿಸುವಂತಾಗಲು ಬೇಕು. ಮೊದಲ ವಾರ ಮೆಲ್ಲಗೆ ಬೀಳಲಿ. ಬೆನ್ನಿನಲ್ಲಿ ಹಠಾತ್ತನೆ ಹೊಸ ನೋವು ಕಾಣಿಸಿಕೊಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೂಳೆಗೆ ಹೆಚ್ಚು ಫಲ ಕೊಡುವುದು ಭಾರ ಎತ್ತುವ ವ್ಯಾಯಾಮ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಲಿಫ್ಟ್‌ಮೋರ್ ಎಂಬ ಪ್ರಯೋಗದಲ್ಲಿ, ಮುಟ್ಟು ನಿಂತು ಸಾಂದ್ರತೆ ಕುಗ್ಗಿದ್ದ ಹೆಂಗಸರು ವಾರಕ್ಕೆ ಎರಡೇ ದಿನ, ಅರ್ಧ ಗಂಟೆಯಂತೆ, ಎಂಟು ತಿಂಗಳು ಭಾರ ಎತ್ತಿದರು, ಜಿಗಿದು ನೆಲಕ್ಕಿಳಿದರು. ಅವರ ಕೆಳಬೆನ್ನಿನ ಮೂಳೆಯ ಸಾಂದ್ರತೆ ಸುಮಾರು ಶೇ. 3ರಷ್ಟು ಏರಿತು. ಹಗುರ ವ್ಯಾಯಾಮ ಮಾಡಿದವರಲ್ಲಿ ಅದು ಇಳಿದಿತ್ತು. ಅವರೆಲ್ಲ ನುರಿತವರ ಕಣ್ಗಾವಲಿನಲ್ಲಿ, ಮೊದಲು ಭಂಗಿ ಕಲಿತು ಎತ್ತಿದರು ಎಂಬುದನ್ನು ಮರೆಯಬೇಡಿ. ವಿಡಿಯೊ ನೋಡಿ ಮನೆಯಲ್ಲಿ ಒಬ್ಬರೇ ಶುರು ಮಾಡುವ ವಿಷಯ ಇದಲ್ಲ. ಮಣಿಕಟ್ಟು ಪೂರ್ತಿ ಕೂಡಿದ ಮೇಲೆ ಫಿಸಿಯೋಥೆರಪಿಸ್ಟ್ ಜೊತೆಯಲ್ಲಿ ಆರಂಭಿಸಿ. ಬೆನ್ನು ಬಾಗಿಸಿ ಭಾರ ಎತ್ತುವುದು, ಭಾರ ಹಿಡಿದು ಸೊಂಟ ತಿರುಚುವುದು ನಿಮಗೆ ಸಲ್ಲದು.

ಓಟದ ಬಗ್ಗೆ ಕೇಳಿದ್ದೀರಿ. ಓಡುವಾಗ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ, ಹಾಗಾಗಿ ಮೂಳೆಗೆ ಒಳ್ಳೆಯದೇ. ಆದರೆ 32 ವರ್ಷ ಸೇದಿದವರು ನೇರವಾಗಿ ಓಟಕ್ಕೆ ಇಳಿಯುವುದು ನನಗೆ ಸಮ್ಮತವಲ್ಲ. ಮೊದಲ ಕಾರಣ ಹೃದಯ. ಜೋರಾದ ವ್ಯಾಯಾಮಕ್ಕೆ ಮುನ್ನ ಹೃದಯದ ತಪಾಸಣೆ ಆಗಬೇಕು. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಂದಿಲ್ಲದ ಏದುಸಿರು ಬಂದರೆ ‘ಅಭ್ಯಾಸವಿಲ್ಲ, ಅದಕ್ಕೆ’ ಎಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಿ. ಎರಡನೆಯದು, ಒಮ್ಮೆಲೇ ಓಟ ಹೆಚ್ಚಿಸಿದವರ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ಮತ್ತು ಸೇದುವವರಲ್ಲಿ ಅದರ ಸಂಭವ ಹೆಚ್ಚು. ಬಿರುಕನ್ನು ತುಂಬುವ ಕೆಲಸವೇ ಅವರಲ್ಲಿ ನಿಧಾನವಲ್ಲವೇ? ನಡಿಗೆಯ ನಡುವೆ ಅರ್ಧ ನಿಮಿಷದ ಓಟ ಸೇರಿಸುತ್ತ, ತಿಂಗಳುಗಳಲ್ಲಿ ಹೆಚ್ಚಿಸಿಕೊಳ್ಳಿ.

ಊಟದ ಬಗ್ಗೆ ಎರಡೇ ಮಾತು. ನಿಮ್ಮ ವಯಸ್ಸಿನ ಗಂಡಸರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆಹಾರದಿಂದ ಬಂದರೆ ಮೇಲು. ಸೇದುತ್ತ ಕ್ಯಾಲ್ಸಿಯಂ ಮಾತ್ರೆ ನುಂಗಿ ನಿಶ್ಚಿಂತರಾಗುವುದು ಬೇಡ, ಹೀರುವಿಕೆಗೇ ಅಡ್ಡಿಯಿರುವಾಗ ಮಾತ್ರೆಯೊಂದೇ ಏನು ಮಾಡೀತು. ಊಟ ಕಡಿಮೆ ಮಾಡಿ ಏರೋಬಿಕ್ ವ್ಯಾಯಾಮ ಹೆಚ್ಚಿಸಿ ತೂಕ ಇಳಿಸುವ ಯೋಚನೆಯಿದ್ದರೆ, ತೂಕದೊಂದಿಗೆ ಮೂಳೆಯೂ ಇಳಿಯುತ್ತದೆ ಎಂಬುದು ಗೊತ್ತಿರಲಿ.

ಕೊನೆಯ ಪ್ರಶ್ನೆ, ಈಗ ಬಿಟ್ಟು ಏನು ಫಲ. ಹೋದ ಸಾಂದ್ರತೆಯೆಲ್ಲ ಮರಳುವುದಿಲ್ಲ, ಆ ಸುಳ್ಳು ಭರವಸೆ ಕೊಡಲಾರೆ. ಆದರೆ ಬಿಟ್ಟವರ ಮುರಿತದ ಅಪಾಯ ಸೇದುತ್ತಿರುವವರಿಗಿಂತ ಕಡಿಮೆ. ಅಮೆರಿಕದ ದಾದಿಯರನ್ನು ದಶಕಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲಿ, ಸೊಂಟದ ಮುರಿತದ ಮಟ್ಟಿಗೆ ಈ ಲಾಭ ಸ್ಪಷ್ಟವಾಗಿ ಕಂಡದ್ದು ಬಿಟ್ಟು ಹತ್ತು ವರ್ಷ ದಾಟಿದ ಮೇಲೆ. ಇದನ್ನು ಕೇಳಿ ‘ಅಷ್ಟು ವರ್ಷವೇ’ ಎಂದು ಕೆಲವರು ಕೈಚೆಲ್ಲುತ್ತಾರೆ. ನಾನು ಬೇರೆ ಥರ ಎಣಿಸುತ್ತೇನೆ. ನೀವು ಈ ವರ್ಷ ಬಿಟ್ಟರೆ ಆ ಹತ್ತು ವರ್ಷ ಮುಗಿಯುವಾಗ ನಿಮಗೆ 64. ಸೊಂಟಗಳು ನಿಜವಾಗಿ ಮುರಿಯತೊಡಗುವ ವಯಸ್ಸು ಇನ್ನೂ ಮುಂದೆ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂತೂ ಒಂದೆರಡು ದಿನಗಳಲ್ಲೇ ರಕ್ತದಿಂದ ಹೊರಟುಹೋಗುತ್ತದೆ. ನಿಮ್ಮ ಮಣಿಕಟ್ಟಿಗೆ ಅಷ್ಟು ಬೇಗ ಹೆಚ್ಚು ಆಮ್ಲಜನಕ ಸಿಗುತ್ತದೆ.

ಬರೀ ಮನೋಬಲ ನೆಚ್ಚಬೇಡಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ನಿಕೋಟಿನ್ ಚೂಯಿಂಗ್ ಗಮ್, ವ್ಯಾರೆನಿಕ್ಲಿನ್ ಅಥವಾ ಬ್ಯೂಪ್ರೊಪಿಯಾನ್ ಮಾತ್ರೆ ಇವೆ, ನಿಮಗೆ ಯಾವುದು ಹೊಂದುತ್ತದೆ ಎಂದು ವೈದ್ಯರೇ ಹೇಳಬೇಕು. ಪಟ್ಟಿಯಲ್ಲೂ ನಿಕೋಟಿನ್ ಇದೆಯಲ್ಲ ಎಂದು ಕೇಳುತ್ತಾರೆ. ಇದೆ. ಆದರೆ ಹೊಗೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ, ಮತ್ತು ಅದು ಕೆಲವು ತಿಂಗಳ ಊರುಗೋಲು ಅಷ್ಟೇ. ಬಿಟ್ಟವರ ತೂಕ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ಅದಕ್ಕೆ ಹೆದರಿ ಮತ್ತೆ ಸಿಗರೇಟು ಹಿಡಿದವರನ್ನು ಕಂಡಿದ್ದೇನೆ. ನೀವು ಆ ತೂಕವನ್ನು ಸೈಕಲ್ಲಿಗೆ ಬಿಡಿ.

ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರಲ್ಲಿ ಮೂರು ವಿಷಯ ಕೇಳಿ: ವಿಟಮಿನ್ ಡಿ, ಥೈರಾಯ್ಡ್, ಟೆಸ್ಟೋಸ್ಟಿರೋನ್ ಪರೀಕ್ಷೆ ಬೇಕೇ, ಏಕೆಂದರೆ ಗಂಡಸರಲ್ಲಿ ಸಾಂದ್ರತೆ ಇಳಿದಾಗ ಹಿಂದೆ ಬೇರೆ ಕಾರಣ ಅಡಗಿರುವುದುಂಟು; ಫ್ರಾಕ್ಸ್ ಲೆಕ್ಕದಲ್ಲಿ ನಿಮ್ಮ ಅಪಾಯ ಎಷ್ಟು; ಮುರಿತವೊಂದು ಆಗಿಬಿಟ್ಟಿರುವುದರಿಂದ ಮೂಳೆ ಗಟ್ಟಿ ಮಾಡುವ ಔಷಧಿ ಈಗಲೇ ಬೇಕೇ, ಕಾದು ನೋಡಬಹುದೇ. ಆಸ್ತಮಾ ಅಥವಾ ಶ್ವಾಸಕೋಶದ ತೊಂದರೆಗೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ ಮರೆಯದೆ ಹೇಳಿ, ಅದೂ ಮೂಳೆಯನ್ನು ಕರಗಿಸುತ್ತದೆ. ಒಂದೆರಡು ವರ್ಷ ಬಿಟ್ಟು ಸ್ಕ್ಯಾನ್ ಮತ್ತೆ ಮಾಡಿಸುವಾಗ ಅದೇ ಯಂತ್ರದಲ್ಲಿ ಮಾಡಿಸಿ, ಇಲ್ಲವಾದರೆ ಹೋಲಿಕೆ ಸರಿಬರುವುದಿಲ್ಲ. ಆ ವರದಿ ಕೈಗೆ ಬಂದಾಗ ಹೊಸ ಅಂಕೆಗಳನ್ನೂ, ಸಿಗರೇಟು ಬಿಟ್ಟ ತಾರೀಖನ್ನೂ ನನಗೊಂದು ಸಾಲು ಬರೆದು ತಿಳಿಸಿ.